ಚದುರಂಗದಲ್ಲೊಂದು ಭದ್ರವ್ಯೂಹ

ಚದುರಂಗವು ಬುದ್ಧಿಯ ಯುದ್ಧವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಯುದ್ಧವೆಂದೊಡನೆ ಆಟಗಾರರು ಎರಡು ಬಗೆಯಾಗಿ ವರ್ತಿಸುವುದನ್ನು ಮನೆಮನೆಯ ಜಗಲಿಯ ಮೇಲೂ ಕಾಣಬಹುದು. ಒಬ್ಬನು ಮಣೆಯ ಮೇಲೆ ಬಲವನ್ನು ಜೋಡಿಸಿದ್ದೇ ತಡ, ಮಂತ್ರಿಯನ್ನು ಹೊರಕ್ಕೆ ನುಗ್ಗಿಸಿ, ಒಂಟೆ ಕುದುರೆಗಳನ್ನು ಕಂಡಕಂಡ ಕಡೆಗೆ ಓಡಿಸಿ, ಹತ್ತು ನಡೆಗಳೊಳಗಾಗಿ ಎದುರಾಳಿಯ ರಾಜನನ್ನು ಹಿಡಿಯಬೇಕೆಂದು ಹವಣಿಸುವನು. ಮತ್ತೊಬ್ಬನು ಸೋಲಿನ ಭಯದಿಂದ ಕಾಯಿಗಳನ್ನೆಲ್ಲ ಒಂದರ ಬೆನ್ನಿಗೊಂದು ಅಂಟಿಸಿ, ತಾನಾಗಿ ಏನನ್ನೂ ಮಾಡದೆ, ಎದುರಾಳಿಯು ಎಡವಲೆಂದು ಕಾದು ಕುಳಿತಿರುವನು. ಮೊದಲನೆಯವನು ಬೇಗ ಸೋಲುವನು; ಎರಡನೆಯವನು ನಿಧಾನವಾಗಿ ಸೋಲುವನು. ಇಬ್ಬರ ಸೋಲಿಗೂ ಕಾರಣವೊಂದೇ: ಬಲವನ್ನು ಕೂಡಿಡುವುದಕ್ಕೂ ವೆಚ್ಚಮಾಡುವುದಕ್ಕೂ ಇರುವ ಸಂಬಂಧವನ್ನು ಅವರು ಅರಿಯರು.

ಈ ಸಂಬಂಧವನ್ನು ಕಣ್ಣಿಗೆ ಕಟ್ಟುವಂತೆ ಕಲಿಸುವ ಒಂದು ಆರಂಭವ್ಯೂಹವು ಚದುರಂಗದಲ್ಲಿ ಉಂಟು. ಅದಕ್ಕೆ ಬೆಲ್ಜಿಯಂ ದೇಶದ ಎಡ್ಗಾರ್ ಕೋಲೆ ಎಂಬ ಆಟಗಾರನ ಹೆಸರು ನಿಂತಿದೆ. ಇದನ್ನು ಕಲಿಯಲು ನೂರಾರು ನಡೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಪ್ರತಿಯೊಂದು ಕಾಯಿಯೂ ಎಲ್ಲಿ ನಿಲ್ಲಬೇಕು, ಏಕೆ ನಿಲ್ಲಬೇಕು ಎಂಬುದನ್ನು ತಿಳಿದರೆ ಸಾಕು. ಸಂಜೆಯ ಹೊತ್ತು ಒಂದು ಗಂಟೆ ಬಿಡುವಾಗಿ ಮಕ್ಕಳೊಡನೆಯೋ ನೆರೆಯವರೊಡನೆಯೋ ಆಡುವ ಗೃಹಸ್ಥರಿಗೂ ಗೃಹಿಣಿಯರಿಗೂ ಇದಕ್ಕಿಂತ ಒಪ್ಪುವ ಆರಂಭವು ವಿರಳ. ವಾಚಕರು ಮಣೆಯೊಂದನ್ನು ಎದುರಿಗೆ ಇಟ್ಟುಕೊಂಡು ಇದನ್ನು ಓದಿದರೆ ಹೆಚ್ಚು ಪ್ರಯೋಜನವಾದೀತು.

ಹೆಸರುಗಳ ವಿಚಾರ

ಮೊದಲು ಹೆಸರುಗಳನ್ನು ಗೊತ್ತುಮಾಡಿಕೊಳ್ಳೋಣ. ಮಣೆಯ ಮೂಲೆಗಳಲ್ಲಿ ನಿಲ್ಲುವುದು ಆನೆ. ಅದರ ಪಕ್ಕದಲ್ಲಿ ಕುದುರೆ. ಕುದುರೆಯ ಪಕ್ಕದಲ್ಲಿ ಓರೆಯಾಗಿ ಸಂಚರಿಸುವ ಒಂಟೆ. ನಡುವೆ ರಾಜ ಮತ್ತು ಮಂತ್ರಿ. ಮುಂದಿನ ಸಾಲಿನ ಎಂಟು ಮಂದಿ ಕಾಲಾಳುಗಳು. ರಾಜನ ಮಗ್ಗುಲಿನವುಗಳನ್ನು ರಾಜನ ಒಂಟೆ, ರಾಜನ ಕುದುರೆ, ರಾಜನ ಆನೆ ಎಂದೂ, ಮಂತ್ರಿಯ ಮಗ್ಗುಲಿನವುಗಳನ್ನು ಮಂತ್ರಿಯ ಒಂಟೆ, ಮಂತ್ರಿಯ ಕುದುರೆ, ಮಂತ್ರಿಯ ಆನೆ ಎಂದೂ ಕರೆಯೋಣ. ಯಾವ ಕಾಯಿಯ ಮುಂದೆ ಕಾಲಾಳು ನಿಂತಿದೆಯೋ ಆ ಕಾಯಿಯ ಹೆಸರೇ ಕಾಲಾಳಿಗೂ ಸಾಲಿಗೂ ಸಲ್ಲುವುದು. ಮನೆಗಳನ್ನು ಅವರವರು ತಮ್ಮ ಕಡೆಯಿಂದ ಒಂದು, ಎರಡು, ಮೂರು ಎಂದು ಎಣಿಸಿಕೊಳ್ಳತಕ್ಕದ್ದು. ರಾಜನಿಗೆ ಬೀಳುವ ಏಟಿಗೆ ಶಹಾ ಎಂದು ಹೇಳುವುದು ಎಲ್ಲರಿಗೂ ಗೊತ್ತೇ ಇದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ ಕಾಲಾಳು ತನ್ನ ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗುವುದು. ಇಂದು ಲೋಕದಲ್ಲೆಲ್ಲ ನಡೆಯುವ ಪದ್ಧತಿಯಲ್ಲಿಯಾದರೋ ಮೊದಲ ನಡೆಗೆ ಎರಡು ಮನೆ ಹಾರಲು ಅನುಮತಿಯುಂಟು. ರಾಜನೂ ಆನೆಯೂ ಒಂದೇ ನಡೆಯಲ್ಲಿ ಸ್ಥಳ ಬದಲಿಸಿ, ರಾಜನು ಮೂಲೆಯ ಕಡೆಗೆ ಸೇರಿ, ಆನೆಯು ನಡುವಿಗೆ ಬರುವ ‘ಕೋಟೆ ಕಟ್ಟುವಿಕೆ’ಯೂ ಈ ಪದ್ಧತಿಯದೇ. ಮುಂದೆ ಹೇಳುವುದೆಲ್ಲವೂ ಈ ಲೋಕಪದ್ಧತಿಯನ್ನು ಅನುಸರಿಸಿದೆ.

ಮಂತ್ರಿಯ ಕಾಲಾಳೇ ಏಕೆ?

ಆಟದ ಮೊದಲ ನಡೆಗೆ ರಾಜನ ಕಾಲಾಳನ್ನೋ ಮಂತ್ರಿಯ ಕಾಲಾಳನ್ನೋ ಎರಡು ಮನೆ ನಡೆಸುವುದು ವಾಡಿಕೆ. ಎರಡೂ ಮಣೆಯ ನಡುವಣ ಮನೆಗಳನ್ನು ಹಿಡಿಯುವ ಉಪಾಯಗಳೇ. ಆದರೆ ಅವುಗಳಲ್ಲಿ ಒಂದು ವ್ಯತ್ಯಾಸವುಂಟು. ರಾಜನ ಕಾಲಾಳು ನಾಲ್ಕನೆಯ ಮನೆಗೆ ಹೋದಾಗ ಅದರ ಹಿಂದೆ ಆಸರೆ ಯಾವುದೂ ಇರುವುದಿಲ್ಲ. ಎದುರಾಳಿಯ ಕುದುರೆಯು ಅದರ ಮೇಲೆ ಬಿದ್ದರೆ ಒಡನೆಯೇ ಕಾಯಬೇಕಾಗುವುದು. ಮಂತ್ರಿಯ ಕಾಲಾಳು ನಾಲ್ಕನೆಯ ಮನೆಗೆ ಹೋದಾಗಲಾದರೋ ಅದರ ಬೆನ್ನಿಗೆ ಮಂತ್ರಿಯೇ ನಿಂತಿರುವನು. ಈ ಒಂದು ಕಾರಣದಿಂದ ಮಂತ್ರಿಯ ಕಾಲಾಳಿನ ಆಟಗಳು ಸಾಮಾನ್ಯವಾಗಿ ನಿಧಾನವಾಗಿಯೂ ಭದ್ರವಾಗಿಯೂ ಬೆಳೆಯುತ್ತವೆ. ಮನೆಯ ಗೋಡೆಯೇಳುವ ಮೊದಲೇ ಚಾವಣಿಯ ಚಿಂತೆ ಮಾಡದೆ, ತಳಪಾಯವನ್ನು ಗಟ್ಟಿಮಾಡಿಕೊಳ್ಳುವವನ ಮಾರ್ಗವಿದು.

ಇಂತಹ ಆಟವು ನಮ್ಮ ದೇಶದವರ ಸ್ವಭಾವಕ್ಕೆ ಹೊಂದುವುದೆಂಬುದಕ್ಕೆ ಮೀರ್ ಸುಲ್ತಾನ್ ಖಾನನ ಚರಿತ್ರೆಯೇ ನಿದರ್ಶನ. ಪಂಜಾಬಿನಲ್ಲಿ ಹುಟ್ಟಿ, ಕಾಲಾಳು ಒಂದೇ ಮನೆ ನಡೆಯುವ ನಮ್ಮ ಪದ್ಧತಿಯಲ್ಲಿ ಬೆಳೆದ ಈತನು ೧೯೨೯ರಲ್ಲಿ ತನ್ನ ಒಡೆಯನಾದ ಸರ್ ಉಮರ್ ಹಯಾತ್ ಖಾನರೊಡನೆ ಲಂಡನ್ನಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದನು. ೧೯೩೨ರಲ್ಲಿಯೂ ೧೯೩೩ರಲ್ಲಿಯೂ ಅದನ್ನು ಮತ್ತೆ ಗಳಿಸಿದನು. ಹೇಸ್ಟಿಂಗ್ಸ್ ಪಂದ್ಯದಲ್ಲಿ ಕ್ಯಾಪಬ್ಲಾಂಕನಂತಹ ಮಹಾಮಲ್ಲನನ್ನು ಸೋಲಿಸಿದನು. ಪುಸ್ತಕದಲ್ಲಿರುವ ಆರಂಭಗಳ ಅಭ್ಯಾಸ ಅವನಿಗೆ ಇರಲಿಲ್ಲ. ಬಲವನ್ನು ಸಾವಧಾನವಾಗಿ ಜೋಡಿಸಿ, ಅನಂತರ ಹೋರಾಡುವುದೇ ಅವನ ರೀತಿ. ೧೯೬೬ರಲ್ಲಿ ಅವನು ತೀರಿಕೊಂಡನು. ಅಂತಾರಾಷ್ಟ್ರೀಯ ಚದುರಂಗ ಸಂಸ್ಥೆಯು ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನಿತ್ತುದು ೨೦೨೪ರಲ್ಲಿ. ಆದರೆ ನಮ್ಮ ವಿಷಯವು ಅವನ ಸಮಕಾಲೀನನಾದ ಬೆಲ್ಜಿಯಂ ಆಟಗಾರನದು. ಅತ್ತ ಕಡೆಗೆ ತಿರುಗೋಣ.

ಎಡ್ಗಾರ್ ಕೋಲೆ

ಕೋಲೆಯು ೧೮೯೭ರಲ್ಲಿ ಘೆಂಟ್ ಪಟ್ಟಣದಲ್ಲಿ ಜನಿಸಿದನು. ಆರು ಸಲ ತನ್ನ ದೇಶದ ಚಾಂಪಿಯನ್ ಪದವಿಯನ್ನು ಪಡೆದನು. ೧೯೨೬ರಲ್ಲಿ ಆಮ್ಸ್ಟರ್‌ಡಾಮಿನಲ್ಲಿ ನಡೆದ ಪಂದ್ಯದಲ್ಲಿ ಟಾರ್ಟಕೋವರ್ ಮತ್ತು ಯೂವೆ ಎಂಬ ಪ್ರಸಿದ್ಧರನ್ನು ಹಿಂದಿಟ್ಟು ಮೊದಲ ಸ್ಥಾನವನ್ನು ಗಳಿಸಿದನು. ಅದೇ ವರ್ಷ ಮೆರಾನೋ ಪಟ್ಟಣದಲ್ಲಿಯೂ ಗೆದ್ದನು. ೧೯೩೦ರಲ್ಲಿ ಇಂಗ್ಲೆಂಡಿನ ಸ್ಕಾರ್ಬರೋ ಪಂದ್ಯದಲ್ಲಿ ಮರೋಟ್ಸಿ, ರುಬಿನ್‌ಸ್ಟೈನ್ ಮೊದಲಾದ ಹಿರಿಯರ ಮೇಲಣ ಸ್ಥಾನವು ಅವನದಾಯಿತು.

ಇಷ್ಟನ್ನೂ ಅವನು ಸಾಧಿಸಿದುದು ಆರೋಗ್ಯವಂತನಾಗಿ ಅಲ್ಲ. ಜಠರದ ಹುಣ್ಣು ಅವನನ್ನು ವರ್ಷಗಟ್ಟಲೆ ಬಾಧಿಸುತ್ತಿದ್ದಿತು. ಮೂರು ಸಲ ಶಸ್ತ್ರಚಿಕಿತ್ಸೆಗೆ ಒಳಗಾಗಿ ಬದುಕಿ ಉಳಿದನು; ನಾಲ್ಕನೆಯದರ ಬಳಿಕ ೧೯೩೨ರ ಏಪ್ರಿಲ್ ತಿಂಗಳಿನಲ್ಲಿ, ಮೂವತ್ತನಾಲ್ಕು ವಯಸ್ಸಿಗೇ, ತೀರಿಕೊಂಡನು. ಮುಂದೆ ೧೯೩೫ರಲ್ಲಿ ಜಗತ್ತಿನ ಚಾಂಪಿಯನ್ ಆದ ಯೂವೆಯು ಅವನ ಸ್ಮರಣೆಗಾಗಿ ಅವನ ಆಟಗಳ ಪುಸ್ತಕವೊಂದನ್ನು ಬರೆದನು. ಬೆಲ್ಜಿಯಂನವನೇ ಆದ ಕೊಲ್ಟನೋವ್ಸ್ಕಿಯು ಈ ವ್ಯೂಹವನ್ನು ತಾನೂ ಆಡಿ, ಇತರರಿಗೂ ಬೋಧಿಸಿ, ಬಹುಕಾಲ ಪ್ರಚಾರಮಾಡಿದನು. ೧೯೩೭ರಲ್ಲಿ ಎಡಿನ್‌ಬರೋ ನಗರದಲ್ಲಿ ಮಣೆಯನ್ನು ಕಣ್ಣಿನಿಂದ ನೋಡದೆಯೇ ಏಕಕಾಲದಲ್ಲಿ ಮೂವತ್ತನಾಲ್ಕು ಮಂದಿಯೊಡನೆ ಆಡಿ, ಒಂದನ್ನೂ ಸೋಲದ ಧೀಮಂತನೇ ಈ ಕೊಲ್ಟನೋವ್ಸ್ಕಿ.

ರೋಗಿಯೊಬ್ಬನ ಹೆಸರಿನ ವ್ಯೂಹವೆಂದ ಮೇಲೆ ಅದು ಅಂಜುಬುರುಕರ ಆಟವಾಗಿರಬೇಕೆಂದು ಯಾರಾದರೂ ತಿಳಿದರೆ ಅದು ತಪ್ಪು. ಕೋಲೆಯು ದಾಳಿಯಲ್ಲಿ ಪ್ರಸಿದ್ಧನಾದವನು. ಅವನ ವ್ಯೂಹವು ಹೊರನೋಟಕ್ಕೆ ಸೌಮ್ಯ. ಒಳಗೆ ಅದು ಎಳೆದು ಹಿಡಿದ ಬಿಲ್ಲು.

ವ್ಯೂಹದ ರಚನೆ

ಈಗ ಬಿಳಿಯ ಬಲವನ್ನು ಹೀಗೆ ಇಡಿರಿ. ಮೊದಲು ಮಂತ್ರಿಯ ಕಾಲಾಳು ಎರಡು ಮನೆ ಮುಂದಕ್ಕೆ, ಅಂದರೆ ನಾಲ್ಕನೆಯ ಮನೆಗೆ. ರಾಜನ ಕುದುರೆಯು ರಾಜನ ಒಂಟೆಯ ಸಾಲಿನ ಮೂರನೆಯ ಮನೆಗೆ. ಬಳಿಕ ರಾಜನ ಕಾಲಾಳು ಒಂದೇ ಮನೆ ಮುಂದಕ್ಕೆ. ಇದರಿಂದ ರಾಜನ ಒಂಟೆಗೆ ದಾರಿ ತೆರೆಯುವುದು. ಅದು ಹೊರಬಂದು ಮಂತ್ರಿಯ ಸಾಲಿನ ಮೂರನೆಯ ಮನೆಯಲ್ಲಿ ನಿಲ್ಲುವುದು. ಮಂತ್ರಿಯ ಒಂಟೆಯ ಕಾಲಾಳು ಒಂದು ಮನೆ ಮುಂದಕ್ಕೆ. ಮಂತ್ರಿಯ ಕುದುರೆಯು ಮಂತ್ರಿಯ ಸಾಲಿನ ಎರಡನೆಯ ಮನೆಗೆ. ರಾಜನ ಕಡೆಗೆ ಕೋಟೆ ಕಟ್ಟಿ, ಆನೆಯನ್ನು ರಾಜನ ಸಾಲಿನ ಬುಡಕ್ಕೆ ತಂದರೆ ವ್ಯೂಹವು ಮುಗಿಯಿತು.

ಮೂರು ಕಾಲಾಳುಗಳು ಗೋಪುರದಂತೆ ನಿಂತಿರುವುದನ್ನು ನೋಡಿರಿ: ನಾಲ್ಕನೆಯ ಮನೆಯಲ್ಲಿ ಮಂತ್ರಿಯ ಕಾಲಾಳು ಶಿಖರ, ಎರಡು ಪಕ್ಕಗಳಲ್ಲಿ ಮೂರನೆಯ ಮನೆಯ ಕಾಲಾಳುಗಳು ಆಧಾರ. ಎದುರಾಳಿಯು ಶಿಖರವನ್ನು ಹೊಡೆದರೆ ಎರಡು ಕಡೆಗಳಿಂದಲೂ ಪ್ರತಿಹೊಡೆತವುಂಟು. ಕರಿಪಕ್ಷವು ಸಾಮಾನ್ಯವಾಗಿ ಮಂತ್ರಿಯ ಒಂಟೆಯ ಕಾಲಾಳನ್ನು ಎರಡು ಮನೆ ನಡೆಸಿ ಈ ಶಿಖರವನ್ನು ಅಲುಗಿಸಲು ನೋಡುವುದು. ಆಗ ಬಿಳಿಪಕ್ಷವು ಗಾಬರಿಗೊಳ್ಳಬೇಕಾಗಿಲ್ಲ. ಅವರು ಹೊಡೆದರೆ ರಾಜನ ಕಾಲಾಳಿನಿಂದ ತಿರುಗಿ ಹೊಡೆಯುವುದು. ಇದರಿಂದ ರಾಜನ ಸಾಲು ಆನೆಗೆ ತೆರೆಯುವುದಲ್ಲದೆ ಒಳಗೆ ಸಿಕ್ಕಿಕೊಂಡಿದ್ದ ಮಂತ್ರಿಯ ಒಂಟೆಗೂ ಬಿಡುಗಡೆಯಾಗುವುದು. ಅವರು ಹೊಡೆಯದೆ ಆ ಕಾಲಾಳನ್ನು ಇನ್ನೂ ಮುಂದೆ ತಳ್ಳಿ ನಮ್ಮ ಒಂಟೆಯನ್ನು ಬೆದರಿಸಿದರೆ, ಒಂಟೆಯು ಒಂದು ಹೆಜ್ಜೆ ಹಿಂದೆ ಸರಿದರಾಯಿತು. ಅದರ ಓರೆದೃಷ್ಟಿಯು ಮೊದಲಿನ ಗುರಿಯನ್ನೇ ನೋಡುತ್ತಿರುವುದು, ನಮ್ಮ ಶಿಖರದ ಮೇಲಣ ಒತ್ತಡವೂ ತೊಲಗುವುದು.

ಇಷ್ಟೆಲ್ಲದರಲ್ಲಿ ಒಂದು ದೋಷವು ಎದ್ದು ಕಾಣುತ್ತದೆ. ರಾಜನ ಕಾಲಾಳು ಮೂರನೆಯ ಮನೆಯಲ್ಲಿ ನಿಂತುದರಿಂದ ಮಂತ್ರಿಯ ಒಂಟೆಯು ತನ್ನ ಮನೆಯಲ್ಲಿಯೇ ಸೆರೆಯಾಳಾಗಿದೆ. ಮುಂದೆ ಬಂದು ನಿಂತ ಕುದುರೆಯೂ ಅದರ ಬಾಗಿಲನ್ನು ಮುಚ್ಚಿದೆ. ಹೊಸಬರು ಇದನ್ನು ಕಂಡು ಈ ವ್ಯೂಹವನ್ನು ಬಿಟ್ಟುಬಿಡುವುದುಂಟು. ಆದರೆ ಈ ಸೆರೆಯು ಶಾಶ್ವತವಲ್ಲ. ಈ ಬಾಗಿಲನ್ನು ಯಾವಾಗ ತೆರೆಯಬೇಕೆಂಬುದೇ ಆಟದ ಮರ್ಮವಾಗಿದೆ.

ಒಂದು ಹೆಜ್ಜೆಯ ಮಹಿಮೆ

ಮೇಲೆ ಹೇಳಿದ ನಡೆಗಳೆಲ್ಲವೂ ಒಂದೇ ಒಂದು ನಡೆಯ ಸಿದ್ಧತೆ. ಅದು ಯಾವುದೆಂದರೆ, ಮೂರನೆಯ ಮನೆಯಲ್ಲಿ ನಿಂತಿರುವ ರಾಜನ ಕಾಲಾಳನ್ನು ನಾಲ್ಕನೆಯ ಮನೆಗೆ ನೂಕುವುದು. ಎರಡನೆಯ ಮನೆಯ ಕುದುರೆಯು ಆ ಮನೆಯನ್ನು ಕಾಯುತ್ತದೆ. ಮೂರನೆಯ ಮನೆಯ ಒಂಟೆಯೂ ಕಾಯುತ್ತದೆ. ಕಾಲಾಳಿನ ಬೆನ್ನಿಗೆ ಆನೆಯು ನಿಂತಿದೆ. ಇಷ್ಟು ಮಂದಿ ಒಂದೇ ಮನೆಯತ್ತ ಮುಖಮಾಡಿ ನಿಂತ ಮೇಲೆ ಕಾಲಾಳು ಹೆಜ್ಜೆಯಿಟ್ಟರೆ, ಅದುವರೆಗೆ ಮೌನವಾಗಿದ್ದ ಬಲವೆಲ್ಲವೂ ಏಕಕಾಲಕ್ಕೆ ಮಾತನಾಡುವುದು. ಆನೆಗೆ ಸಾಲು ತೆರೆಯುತ್ತದೆ; ಸೆರೆಯ ಒಂಟೆಗೆ ದಾರಿಯಾಗುತ್ತದೆ; ಆ ಕಾಲಾಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎದುರಾಳಿಯ ರಾಜನನ್ನು ಕಾಯುತ್ತಿರುವ ಕುದುರೆಯನ್ನು ಅಟ್ಟುವ ಬೆದರಿಕೆಯನ್ನು ಒಡ್ಡುತ್ತದೆ. ಕೆಲವು ವೇಳೆ, ಕರಿಪಕ್ಷದ ಕಾಲಾಳನ್ನು ಮಂತ್ರಿಯ ಕಾಲಾಳಿನಿಂದ ಮೊದಲು ಹೊಡೆದು, ಅದನ್ನು ತಿರುಗಿ ಹೊಡೆಯಲು ಎದುರಿನ ಒಂಟೆಯನ್ನು ಎಳೆದು, ಅನಂತರ ಈ ನಡೆಯನ್ನು ನಡೆಸುವುದೂ ಉಂಟು.

ಇದನ್ನು ಎಂದು ನಡೆಸಬೇಕು? ಇಲ್ಲಿಯೇ ಆಟಗಾರನ ಪರೀಕ್ಷೆ. ಬೇಗ ನಡೆಸಿದರೆ, ಕಾಯುವವರು ಸಾಲದೆ ಕಾಲಾಳು ವ್ಯರ್ಥವಾಗಿ ಹೋಗುವುದು. ಆದುದರಿಂದ ಮುಟ್ಟುವ ಮೊದಲು ಎಣಿಸಿ ನೋಡಬೇಕು: ಆ ಮನೆಯನ್ನು ಹೊಡೆಯಬಲ್ಲ ಕರಿಯ ಕಾಯಿಗಳು ಎಷ್ಟು, ತಿರುಗಿ ಹೊಡೆಯಬಲ್ಲ ಬಿಳಿಯ ಕಾಯಿಗಳು ಎಷ್ಟು? ತಡಮಾಡಿದರೂ ಅಪಾಯವೇ. ಏಕೆಂದರೆ ಕರಿಪಕ್ಷವೂ ತನ್ನ ರಾಜನ ಕಾಲಾಳನ್ನು ಹೀಗೆಯೇ ನೂಕಿ ನಡುವಣ ಮನೆಗಳನ್ನು ಆಕ್ರಮಿಸಲು ಕಾದಿರುವುದು. ಅವರು ಮೊದಲು ನೂಕಿದರೆ ನಮ್ಮ ಸಿದ್ಧತೆಯೆಲ್ಲ ಬೂದಿಯಲ್ಲಿ ಹೋಮಮಾಡಿದಂತಾಗುವುದು. ಸೆರೆಯ ಒಂಟೆಯು ಸೆರೆಯಲ್ಲಿಯೇ ಉಳಿಯುವುದು. ಭದ್ರವಾದ ವ್ಯೂಹವನ್ನು ಕಟ್ಟಿ, ಆ ಭದ್ರತೆಯಲ್ಲಿಯೇ ಸುಖವಾಗಿ ಕುಳಿತು ಸೋತವರ ಸಂಖ್ಯೆಯು ದುಡುಕಿ ಸೋತವರಿಗಿಂತ ಕಡಿಮೆಯಾಗಿರಲಾರದು.

ನೀಸ್ ಪಟ್ಟಣದ ಆಟ

ವ್ಯೂಹದ ಗುಣವನ್ನು ಮಾತಿನಿಂದ ಹೇಳುವುದಕ್ಕಿಂತ ಒಂದು ಆಟದಿಂದ ತೋರಿಸುವುದು ಲೇಸು. ೧೯೩೦ರಲ್ಲಿ ಫ್ರಾನ್ಸ್ ದೇಶದ ನೀಸ್ ಪಟ್ಟಣದಲ್ಲಿ ಕೋಲೆಯು ಬಿಳಿಯ ಬಲದಿಂದಲೂ, ಐರ್ಲೆಂಡಿನ ಓ’ಹ್ಯಾನ್ಲನ್ ಕರಿಯ ಬಲದಿಂದಲೂ ಆಡಿದ ಆಟವು ಇಂದಿಗೂ ಪುಸ್ತಕಗಳಲ್ಲಿ ಉದಾಹೃತವಾಗುತ್ತಿದೆ.

ಮೊದಲ ಎಂಟು ನಡೆಗಳಲ್ಲಿ ಕೋಲೆಯು ಮೇಲೆ ವರ್ಣಿಸಿದ ವ್ಯೂಹವನ್ನು ಹಾಗೆಯೇ ರಚಿಸಿದನು. ಕರಿಪಕ್ಷವು ಮಂತ್ರಿಯ ಕಾಲಾಳನ್ನೂ ಮಂತ್ರಿಯ ಒಂಟೆಯ ಕಾಲಾಳನ್ನೂ ಎರಡೆರಡು ಮನೆ, ರಾಜನ ಕಾಲಾಳನ್ನು ಒಂದು ಮನೆ ನಡೆಸಿ, ರಾಜನ ಕುದುರೆಯನ್ನು ರಾಜನ ಒಂಟೆಯ ಸಾಲಿನ ಮೂರನೆಯ ಮನೆಯಲ್ಲಿಯೂ, ಮಂತ್ರಿಯ ಕುದುರೆಯನ್ನು ಮಂತ್ರಿಯ ಮುಂದಿನ ಮನೆಯಲ್ಲಿಯೂ, ರಾಜನ ಒಂಟೆಯನ್ನು ಮಂತ್ರಿಯ ಸಾಲಿನ ಮೂರನೆಯ ಮನೆಯಲ್ಲಿಯೂ ನಿಲ್ಲಿಸಿ, ಕೋಟೆ ಕಟ್ಟಿ, ಆನೆಯನ್ನು ರಾಜನ ಸಾಲಿಗೆ ತಂದಿತು. ಎರಡು ಪಕ್ಷಗಳೂ ಸಮವೆಂದು ತೋರುತ್ತಿದ್ದುವು.

ಒಂಬತ್ತನೆಯ ನಡೆಗೆ ಕೋಲೆಯು ರಾಜನ ಕಾಲಾಳನ್ನು ನಾಲ್ಕನೆಯ ಮನೆಗೆ ನೂಕಿದನು. ಕರಿಯ ಕಾಲಾಳು ಅದನ್ನು ಹೊಡೆಯಿತು. ಬಿಳಿಯ ಕುದುರೆಯು ತಿರುಗಿ ಹೊಡೆಯಿತು. ಕರಿಯ ಕುದುರೆಯು ಬಿಳಿಯ ಕುದುರೆಯನ್ನು ಹೊಡೆಯಲು, ಬಿಳಿಯ ಒಂಟೆಯು ಅದನ್ನು ಹೊಡೆದು ನಡುವೆ ನಿಂತಿತು. ಇಷ್ಟರಲ್ಲಿ ಕರಿಯ ರಾಜನ ಮೈಗಾವಲಿನ ಕುದುರೆಯು ಮಣೆಯಿಂದ ಹೋಗಿಬಿಟ್ಟಿತು. ಹಿಂದಿದ್ದ ಇನ್ನೊಂದು ಕುದುರೆಯನ್ನು ಆ ಸ್ಥಳಕ್ಕೆ ತಂದು ಒಂಟೆಯನ್ನು ಅಟ್ಟುವ ಅವಕಾಶವಿದ್ದಿತು. ಆದರೆ ಕರಿಪಕ್ಷವು ನಡುವಣ ಕಾಲಾಳೊಂದನ್ನು ಹೊಡೆಯುವ ಆಸೆಗೆ ಒಳಗಾಯಿತು.

ಹನ್ನೆರಡನೆಯ ನಡೆಗೆ ಬಿಳಿಯ ಒಂಟೆಯು ಓರೆಯಾಗಿ ಹಾರಿ, ಕರಿಯ ರಾಜನ ಆನೆಯ ಕಾಲಾಳನ್ನು ಹೊಡೆದು ಶಹಾ ಕೊಟ್ಟಿತು. ರಾಜನು ಒಂಟೆಯನ್ನು ಕೊಂದನು. ಒಂದು ಒಂಟೆಯನ್ನೇ ಬಲಿಕೊಟ್ಟುದು ಏತಕ್ಕೆ? ರಾಜನನ್ನು ಕೋಟೆಯಿಂದ ಹೊರಗೆ ಎಳೆಯುವುದಕ್ಕೆ. ಒಡನೆಯೇ ಬಿಳಿಯ ಕುದುರೆಯು ನೆಗೆದು ಮತ್ತೊಂದು ಶಹಾ ಕೊಟ್ಟಿತು. ರಾಜನು ಹಿಂದಕ್ಕೆ ಹೋದರೆ ಬಿಳಿಯ ಮಂತ್ರಿಯು ಆನೆಯ ಸಾಲಿಗೆ ಬಂದು ಮುತ್ತಿಗೆ ಹಾಕುವನು. ಆದುದರಿಂದ ಅವನು ಮುಂದಕ್ಕೆ, ತನ್ನ ಕುದುರೆಯ ಸಾಲಿನ ಮೂರನೆಯ ಮನೆಗೆ ಬಂದನು. ಕೋಲೆಯು ಆನೆಯ ಕಾಲಾಳನ್ನು ಎರಡು ಮನೆ ನಡೆಸಿದನು. ಕರಿಪಕ್ಷವು ತನ್ನ ಆನೆಯನ್ನು ಮೂಲೆಗೆ ತಂದಿತು. ಹದಿನೈದನೆಯ ನಡೆಗೆ ಬಿಳಿಯ ಆನೆಯು ತೆರೆದ ರಾಜನ ಸಾಲಿನಲ್ಲಿ ನುಗ್ಗಿ, ಕರಿಯ ಕಾಲಾಳನ್ನು ಹೊಡೆದು ಶಹಾ ಕೊಟ್ಟಿತು. ಆ ಆನೆಯನ್ನು ಕಾಲಾಳಿನಿಂದ ಹೊಡೆದರೆ ಬಿಳಿಯ ಮಂತ್ರಿಯು ಮುಂದೆ ಬಂದು ಶಹಾ ಕೊಟ್ಟು, ಬೆತ್ತಲಾದ ರಾಜನನ್ನು ಬೆನ್ನಟ್ಟುವನು. ಕರಿಪಕ್ಷವು ಕುದುರೆಯನ್ನು ಅಡ್ಡ ತಂದಿತು. ಆನೆಯ ಕಾಲಾಳು ಮತ್ತೊಂದು ಹೆಜ್ಜೆ ನಡೆದು ಶಹಾ ಕೊಡಲು ರಾಜನು ಆನೆಯ ಸಾಲಿಗೆ ಸರಿದನು. ಬಿಳಿಯ ಆನೆಯು ಪಕ್ಕಕ್ಕೆ ತಿರುಗಿ ಕರಿಯ ಒಂಟೆಯನ್ನು ಹೊಡೆಯಿತು. ಕರಿಯ ಮಂತ್ರಿಯು ಆನೆಯನ್ನು ಹೊಡೆಯುವಂತಿಲ್ಲ. ಹೊಡೆದರೆ ಬಿಳಿಯ ಕುದುರೆಯು ಒಂದೇ ನೆಗೆತದಲ್ಲಿ ರಾಜನನ್ನೂ ಮಂತ್ರಿಯನ್ನೂ ಹಿಡಿಯುವುದು. ಮಂತ್ರಿಯು ದೂರಕ್ಕೆ ಓಡಿದನು.

ಹದಿನೆಂಟನೆಯ ನಡೆಯೇ ಈ ಆಟದ ಸೊಗಸು. ಬಿಳಿಯ ಕುದುರೆಯು ರಾಜನ ಒಂಟೆಯ ಸಾಲಿನ ಕಾಲಾಳನ್ನು ಹೊಡೆದು ಶಹಾ ಕೊಟ್ಟಿತು. ಕುದುರೆಯು ಸರಿದ ದಾರಿಯಿಂದ ಮಂತ್ರಿಯ ಒಂಟೆಯೂ ಶಹಾ ಕೊಟ್ಟಿತು. ಆಟದ ಆರಂಭದಿಂದಲೂ ಒಂದು ಮನೆಯನ್ನಾದರೂ ನಡೆಯದೆ, ಸೆರೆಯಲ್ಲಿದೆಯೆಂದು ಎಲ್ಲರೂ ಮರೆತಿದ್ದ ಆ ಒಂಟೆಯೇ ಹುಟ್ಟಿದ ಮನೆಯಲ್ಲಿ ಕುಳಿತುಕೊಂಡು ಮಣೆಯ ಆಚೆಯ ಅಂಚಿನಲ್ಲಿದ್ದ ರಾಜನಿಗೆ ಗುರಿಯಿಟ್ಟಿತು! ಇನ್ನೆರಡು ನಡೆಗಳಲ್ಲಿ, ಇಪ್ಪತ್ತನೆಯ ನಡೆಗೆ ಬಿಳಿಯ ಮಂತ್ರಿಯು ಓರೆಯಿಂದ ಶಹಾ ಕೊಡಲು, ಕರಿಪಕ್ಷವು ಸೋಲನ್ನು ಒಪ್ಪಿಕೊಂಡಿತು.

ಈ ಒಂಟೆಯ ಬಲಿಯು ಪೂರ್ಣವಾಗಿ ಸಮರ್ಪಕವಲ್ಲವೆಂದೂ, ಕರಿಪಕ್ಷವು ಇನ್ನೂ ಚೆನ್ನಾಗಿ ಕಾದಾಡಬಹುದಾಗಿತ್ತೆಂದೂ ಮುಂದಿನ ವಿಮರ್ಶಕರು ತೋರಿಸಿದ್ದಾರೆ. ಇರಬಹುದು. ಮಣೆಯ ಎದುರಿಗೆ ಕುಳಿತವನಿಗೆ, ಗಡಿಯಾರವು ಓಡುತ್ತಿರುವಾಗ, ಹೊರಗೆ ಎಳೆಯಲ್ಪಟ್ಟ ರಾಜನನ್ನು ಕಾಯುವುದು ಸುಲಭವಲ್ಲ. ಆದರೂ ಕಲಿಯುವವರು ಈ ಬಲಿಯನ್ನು ಕಣ್ಣುಮುಚ್ಚಿ ಅನುಕರಿಸತಕ್ಕದ್ದಲ್ಲ. ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು: ಎದುರಾಳಿಯ ರಾಜನನ್ನು ಕಾಯುವ ಕುದುರೆಯು ಸ್ಥಳದಲ್ಲಿ ಇಲ್ಲವೆ? ನಮ್ಮ ಕುದುರೆಯು ಒಡನೆಯೇ ನೆಗೆದು ಶಹಾ ಕೊಡಬಲ್ಲುದೆ? ನಮ್ಮ ಮಂತ್ರಿಯು ಅದರ ಬೆಂಬಲಕ್ಕೆ ತಡೆಯಿಲ್ಲದೆ ಬರಬಲ್ಲನೆ? ಇವುಗಳಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ಒಂಟೆಯನ್ನು ಉಳಿಸಿಕೊಳ್ಳುವುದೇ ಜಾಣತನ.

ಎದುರಾಳಿಯ ಉಪಾಯಗಳು

ಯಾವ ಬೀಗಕ್ಕೂ ಒಂದು ಕೈ ಇದ್ದೇ ಇರುವುದು. ಕೋಲೆ ವ್ಯೂಹದ ಬಲವೆಲ್ಲವೂ ಮಂತ್ರಿಯ ಸಾಲಿನ ಮೂರನೆಯ ಮನೆಯಲ್ಲಿರುವ ಒಂಟೆಯ ಓರೆದೃಷ್ಟಿಯಲ್ಲಿದೆ. ಇದನ್ನರಿತ ಎದುರಾಳಿಯು ಎರಡು ಬಗೆಯಾಗಿ ಅದಕ್ಕೆ ಅಡ್ಡಿ ತರಬಲ್ಲನು. ಒಂದನೆಯದು, ತನ್ನ ರಾಜನ ಕಾಲಾಳನ್ನು ನಡೆಸುವ ಮೊದಲೇ ಮಂತ್ರಿಯ ಒಂಟೆಯನ್ನು ಹೊರಗೆ ತಂದು ಅದೇ ಓರೆಯಲ್ಲಿ ನಿಲ್ಲಿಸುವುದು. ಆಗ ನಮ್ಮ ಒಂಟೆಗೆ ಎದುರು ಒಂಟೆಯಾಯಿತು. ಇವೆರಡೂ ಒಂದನ್ನೊಂದು ಹೊಡೆದು ಹೋದರೆ ದಾಳಿಯ ಮೊನೆಯೇ ಮುರಿಯುವುದು. ಇಂತಹ ಸಂದರ್ಭದಲ್ಲಿ ಮಂತ್ರಿಯ ಒಂಟೆಯ ಕಾಲಾಳನ್ನು ಒಂದರ ಬದಲು ಎರಡು ಮನೆ ನಡೆಸಿ, ಮಂತ್ರಿಯನ್ನು ಓರೆಯಾಗಿ ಹೊರತಂದು, ಕರಿಪಕ್ಷದ ಮಂತ್ರಿಯ ಕುದುರೆಯ ಕಾಲಾಳಿನ ಮೇಲೆ ಬೀಳುವುದು ಉಚಿತ. ಹೊರಗೆ ಹೋದ ಒಂಟೆಯು ಬಿಟ್ಟುಹೋದ ಮನೆಯನ್ನೇ ಕೊಳ್ಳೆಹೊಡೆಯುವ ನ್ಯಾಯವಿದು.

ಎರಡನೆಯದು, ರಾಜನ ಕುದುರೆಯ ಕಾಲಾಳನ್ನು ಒಂದು ಮನೆ ನಡೆಸಿ, ಅದರ ಹಿಂದೆ ಒಂಟೆಯನ್ನು ಇಡುವುದು. ಆಗ ನಮ್ಮ ಒಂಟೆಯ ದೃಷ್ಟಿಯು ಕಲ್ಲಿನ ಗೋಡೆಗೆ ತಾಗಿದಂತಾಗುವುದು. ಇದರ ಎದುರಿಗೆ ಕೋಲೆ ವ್ಯೂಹವು ಅಷ್ಟು ಫಲಕಾರಿಯಲ್ಲ. ಅನೇಕರು ಆಗ ಅದರ ಸೋದರನಂತಿರುವ ಲಂಡನ್ ವ್ಯೂಹವನ್ನು ಆಶ್ರಯಿಸುವರು. ೧೯೨೨ರ ಲಂಡನ್ ಪಂದ್ಯದಿಂದ ಹೆಸರು ಪಡೆದ ಈ ವ್ಯೂಹದಲ್ಲಿ ರಾಜನ ಕಾಲಾಳು ಬಾಗಿಲನ್ನು ಮುಚ್ಚುವ ಮೊದಲೇ ಮಂತ್ರಿಯ ಒಂಟೆಯು ಹೊರಗೆ ಬಂದು, ರಾಜನ ಒಂಟೆಯ ಸಾಲಿನ ನಾಲ್ಕನೆಯ ಮನೆಯಲ್ಲಿ ನಿಲ್ಲುತ್ತದೆ. ಮತ್ತೊಂದು ಮಾರ್ಪಾಟಿಗೆ ಹತ್ತೊಂಬತ್ತನೆಯ ಶತಮಾನದ ಜ್ಯೂಕರ್‌ಟೋರ್ಟನ ಹೆಸರುಂಟು. ಅದರಲ್ಲಿ ಮಂತ್ರಿಯ ಕುದುರೆಯ ಕಾಲಾಳನ್ನು ಒಂದು ಮನೆ ನಡೆಸಿ, ಆ ಸಂದಿನಲ್ಲಿ ಮಂತ್ರಿಯ ಒಂಟೆಯನ್ನಿಟ್ಟು, ರಾಜನ ಕುದುರೆಯನ್ನು ಎದುರಾಳಿಯ ಸೀಮೆಯ ನಡುಮನೆಯಲ್ಲಿ ನೆಲೆಗೊಳಿಸುವುದು ಉದ್ದೇಶ.

ಇದರಿಂದ ತಿಳಿಯತಕ್ಕದ್ದೇನೆಂದರೆ, ಎದುರಾಳಿಯು ಏನನ್ನು ಮಾಡಿದರೂ ನಾವು ಅದೇ ಎಂಟು ನಡೆಗಳನ್ನು ಕಣ್ಣುಮುಚ್ಚಿ ಆಡಿಕೊಂಡು ಹೋಗುತ್ತೇವೆಂಬ ಹಟವು ಸಲ್ಲದು. ವ್ಯೂಹವು ನಮಗೆ ಊರುಗೋಲಾಗಬಹುದು, ಕಣ್ಣಾಗಲಾರದು.

ಇಂದಿನ ಸ್ಥಾನ

ಈ ಆರಂಭದಿಂದ ಬಿಳಿಪಕ್ಷಕ್ಕೆ ದೊಡ್ಡ ಲಾಭವಿಲ್ಲವೆಂದೂ, ಸರಿಯಾಗಿ ಆಡಿದ ಕರಿಪಕ್ಷವು ಸಮಸ್ಥಿತಿಯನ್ನು ಪಡೆಯಬಲ್ಲುದೆಂದೂ ಬಲ್ಲವರು ಹೇಳುವರು. ಇಂದಿನ ಗಣಕಯಂತ್ರಗಳ ತೀರ್ಪೂ ಅದೇ. ಆದರೆ ಗೆಲವು ಆರಂಭದಲ್ಲಿ ದೊರೆಯಬೇಕೆಂದೇನೂ ಇಲ್ಲವಷ್ಟೆ? ಎರಡು ಪಕ್ಷಗಳೂ ಸಮನಾಗಿರುವ, ಕಾಯಿಗಳೆಲ್ಲ ಮಣೆಯ ಮೇಲಿರುವ, ತನಗೆ ಚೆನ್ನಾಗಿ ಪರಿಚಯವಿರುವ ಸ್ಥಿತಿಗೆ ಆಟವನ್ನು ತಂದುಕೊಂಡು ಅಲ್ಲಿಂದ ಹೋರಾಡುವವನಿಗೆ ಅಷ್ಟೇ ಸಾಕು.

೨೦೨೩ರಲ್ಲಿ ಕಜಕಸ್ತಾನದ ಅಸ್ತಾನಾ ನಗರದಲ್ಲಿ ಜಗತ್ತಿನ ಚಾಂಪಿಯನ್ ಪದವಿಗಾಗಿ ಚೀನದ ಡಿಂಗ್ ಲಿರೆನನಿಗೂ ರಷ್ಯದ ನೆಪೋಮ್ನಿಯಾಷಿಗೂ ಹದಿನಾಲ್ಕು ಆಟಗಳ ಪಂದ್ಯವು ನಡೆಯಿತು. ಆರನೆಯ ಆಟದಲ್ಲಿ ಡಿಂಗನು ಲಂಡನ್ ವ್ಯೂಹವನ್ನು ಹೂಡಿ ಗೆದ್ದನು. ಹನ್ನೊಂದು ಆಟಗಳು ಮುಗಿದಾಗ ಅವನು ಒಂದು ಅಂಕ ಹಿಂದೆ ಇದ್ದನು. ಉಳಿದಿದ್ದುವು ಮೂರೇ ಆಟಗಳು. ಅಂತಹ ಇಕ್ಕಟ್ಟಿನಲ್ಲಿ ಹನ್ನೆರಡನೆಯ ಆಟಕ್ಕೆ ಅವನು ಆರಿಸಿಕೊಂಡುದು ಕೋಲೆಯ ಸರಳವಾದ ರಚನೆಯನ್ನು. ಇಬ್ಬರ ಕಡೆಯಿಂದಲೂ ತಪ್ಪುಗಳಾಗಿ, ತಕ್ಕಡಿಯು ಅತ್ತಿತ್ತ ತೂಗಿ, ಕೊನೆಗೆ ಡಿಂಗನೇ ಗೆದ್ದು ಅಂಕಗಳನ್ನು ಸಮಮಾಡಿಕೊಂಡನು. ಮುಂದೆ ಶೀಘ್ರದಾಟಗಳಲ್ಲಿ ಪಂದ್ಯವನ್ನೂ ಪದವಿಯನ್ನೂ ಅವನು ಪಡೆದನು. ಘೆಂಟ್ ಪಟ್ಟಣದ ರೋಗಿಯು ಕಾಲವಾಗಿ ತೊಂಬತ್ತು ವರ್ಷಗಳು ಕಳೆದಿದ್ದರೂ, ಅವನ ಹೆಸರಿನ ವ್ಯೂಹವು ಜಗತ್ತಿನ ಅತ್ಯುನ್ನತ ಪದವಿಯ ಹೋರಾಟದಲ್ಲಿ ಕಷ್ಟಕಾಲಕ್ಕೆ ಒದಗಿತು.

ಮನೆಯಲ್ಲಿ ಅಭ್ಯಾಸ

ಇದನ್ನು ಮಕ್ಕಳಿಗೆ ಕಲಿಸುವವರು ಮೊದಲು ಕರಿಯ ಕಾಯಿಗಳಿಲ್ಲದೆ ಬಿಳಿಯ ವ್ಯೂಹವನ್ನು ಮಾತ್ರ ನಾಲ್ಕಾರು ಸಲ ಕಟ್ಟಿಸಿ, ಪ್ರತಿಯೊಂದು ಕಾಯಿಯನ್ನು ತೋರಿಸಿ ಇದೇಕೆ ಇಲ್ಲಿದೆಯೆಂದು ಕೇಳಲಿ. ಉತ್ತರ ಹೇಳಲಾರದ ಕಾಯಿಯನ್ನು ಮುಂದೆ ನಡೆಸಗೊಡಬಾರದು. ಅನಂತರ ಇಬ್ಬರೂ ಎದುರುಬದುರು ಕುಳಿತು ಆಡುವಾಗ ಒಂದು ನಿಯಮವನ್ನು ಮಾಡಿಕೊಳ್ಳಬಹುದು: ರಾಜನ ಕಾಲಾಳನ್ನು ನಾಲ್ಕನೆಯ ಮನೆಗೆ ನೂಕುವ ಮೊದಲು, ಕಾಯುವವರೆಷ್ಟು, ಹೊಡೆಯುವವರೆಷ್ಟು ಎಂದು ಬಾಯಿಬಿಟ್ಟು ಎಣಿಸಬೇಕು. ಹತ್ತು ಆಟಗಳಾಗುವಷ್ಟರಲ್ಲಿ ಎಣಿಕೆಯು ತಾನಾಗಿಯೇ ಮನಸ್ಸಿನೊಳಗೆ ನಡೆಯತೊಡಗುವುದು. ಆಮೇಲೆ ನೀಸ್ ಪಟ್ಟಣದ ಆಟವನ್ನು ಮಣೆಯ ಮೇಲೆ ಆಡಿ ತೋರಿಸಿದರೆ, ಮನೆಯಿಂದ ಕದಲದ ಆ ಒಂ‍ಟೆಯ ಶಹಾವನ್ನು ಕಂಡು ಹಿಗ್ಗದ ಮಗುವು ಇರಲಾರದು.

ತಾಳ್ಮೆಯೆಂಬುದು ಸುಮ್ಮನೆ ಕುಳಿತಿರುವುದಲ್ಲ. ಧೈರ್ಯವೆಂಬುದು ಕಂಡಲ್ಲಿ ನುಗ್ಗುವುದೂ ಅಲ್ಲ. ಎಂಟು ನಡೆಗಳ ಕಾಲ ಬಲವನ್ನು ಕೂಡಿಟ್ಟು, ಒಂಬತ್ತನೆಯ ನಡೆಗೆ ಸಂಕೋಚವಿಲ್ಲದೆ ವೆಚ್ಚಮಾಡಿದ ಆ ಆಟಗಾರನಿಗೆ ಆಯುಷ್ಯವು ಬಹಳ ದೊರೆಯಲಿಲ್ಲ. ದೊರೆತ ಹೊತ್ತನ್ನು ಅವನು ಕಾಯುವುದರಲ್ಲಿಯೇ ಕಳೆಯಲಿಲ್ಲ. ಕೋಲೆ ವ್ಯೂಹವನ್ನು ಆಡುವವರು ಅದರ ಭದ್ರತೆಯನ್ನು ಕಲಿತಷ್ಟೇ ಶ್ರದ್ಧೆಯಿಂದ ಆ ಒಂಬತ್ತನೆಯ ನಡೆಯನ್ನೂ ಕಲಿಯಲಿ.